ಕಿಸೆಯಲ್ಲಿದ್ದ ಖಾಲಿ ಸ್ಟ್ರಿಪ್

ತನ್ನ ಗಂಡನಿಗೆ ಗೊತ್ತಿಲ್ಲದ ವಿಷಯ ಈ ಲೋಕದಲ್ಲಿ ಒಂದಾದರೂ ಉಂಟೇ ಎಂದು ಮೋಹಿನಿ ಮೂವತ್ತು ವರ್ಷ ಹುಡುಕಿದ್ದಳು, ಸಿಕ್ಕಿರಲಿಲ್ಲ. ಕೆದಂಬಾಡಿಯ ತ್ಯಾಂಪಣ್ಣನ ಎದುರು ಯಾರಾದರೂ ಮಾತು ಶುರು ಮಾಡಿದರೆ ಸಾಕು, ಮುಗಿಸುವವನು ಅವನೇ. ಮಗಳ ಮದುವೆಯಲ್ಲಿ ಭಟ್ಟರ ಮಾತನ್ನೂ ಮುಗಿಸಿಕೊಟ್ಟ ಮಹಾಶಯ. ಮೋಹಿನಿಗೆ ಕೆಮ್ಮು ಹಿಡಿದ ಮೇಲಂತೂ ಅವಳ ಒಂದು ವಾಕ್ಯವೂ ಅವಳದ್ದಾಗಿ ಉಳಿಯಲಿಲ್ಲ.

ಕೆಮ್ಮು ಶುರುವಾಗಿ ಎಂಟು ತಿಂಗಳು. ಕಫ ಇಲ್ಲ, ಜ್ವರ ಇಲ್ಲ. ದನದ ಹಟ್ಟಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು.

"ಅಡಿಕೆ ಧೂಳು," ಎಂದು ತ್ಯಾಂಪಣ್ಣ ತೀರ್ಪು ಕೊಟ್ಟ. "ಸುಲಿಯುವಾಗ ಹಾರುದು ಕಾಣುದಿಲ್ವಾ? ಅದೇ ಎದೆಯಲ್ಲಿ ಕೂತದ್ದು."

ಮರುದಿನವೇ ಅಡಿಕೆ ಸುಲಿಯಲು ಬರುತ್ತಿದ್ದ ಊರ್ಮಿಳಾ, ಭವಿತಾ, ಶಹನಾ ಮೂವರನ್ನೂ "ಇನ್ನು ಬರುದು ಬೇಡ" ಎಂದು ಕಳಿಸಿಬಿಟ್ಟ. ಅಡಿಕೆ ಸುಲಿಯುವ ಕೆಲಸ ಯಂತ್ರದ ಪಾಲಾಯಿತು. ಊರಿನ ಸುದ್ದಿ, ನಗು, ಜಗಳ ಎಲ್ಲ ಆ ಮೂವರ ಜೊತೆ ಜಗಲಿಯಿಂದ ಇಳಿದುಹೋಯಿತು. ಕೆಮ್ಮು ಮಾತ್ರ ಹೋಗಲಿಲ್ಲ.

ಇನ್ನೊಂದು ಸಂಗತಿ ಉಂಟು. ಎರಡು ವರ್ಷದ ಹಿಂದೆ ಮೋಹಿನಿಗೆ ಮತ್ತೆ ಮತ್ತೆ ಉರಿಮೂತ್ರ ಬಂದಾಗ ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದು, ಮೂರು ತಿಂಗಳಲ್ಲಿ ಬಂದು ತೋರಿಸಿ ಎಂದಿದ್ದರು.

"ತೋರಿಸ್ಲಿಕ್ಕೆ ಎಂತ ಉಂಟು? ಉರಿ ನಿಂತದ್ದು ಮಾತ್ರೆಯಿಂದ. ಬಿಟ್ರೆ ಪುನಃ ಬರ್ತದೆ. ಇಷ್ಟು ಹೇಳ್ಲಿಕ್ಕೆ ಡಾಕ್ಟ್ರು ಬೇಕಾ?" ಎಂದ ತ್ಯಾಂಪಣ್ಣ ಖಾಲಿ ಸ್ಟ್ರಿಪ್ಪನ್ನು ಅಂಗಿಯ ಕಿಸೆಗೆ ಹಾಕಿಕೊಂಡ. ಅಂದಿನಿಂದ ಸೋಮವಾರ ಪುತ್ತೂರು ಸಂತೆಗೆ ಹೋದಾಗಲೆಲ್ಲ ಮೆಡಿಕಲ್ಲಿನವನಿಗೆ ಸ್ಟ್ರಿಪ್ ತೋರಿಸುವುದು, "ಇದೇ ಕೊಡು ಮಾರಾಯ" ಎನ್ನುವುದು. ಬಸಳೆ ಕಟ್ಟಿನ ಜೊತೆ ಚೀಲದಲ್ಲಿ ಮಾತ್ರೆಯೂ ಮನೆಗೆ ಬರುತ್ತಿತ್ತು. ಮೋಹಿನಿ ಬಾಯಿ ಮುಚ್ಚಿಕೊಂಡು ನುಂಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಹಟ್ಟಿಯ ಬಾಗಿಲಲ್ಲೇ ಕುಸಿದು ಕೂತಳು. ಆಗ ಪುತ್ತೂರಿನ ಆಸ್ಪತ್ರೆಗೆ ಹೋಗಲೇಬೇಕಾಯಿತು. ಡಾಕ್ಟರ್ ಸಮನ್ವಿತಾ ಎದೆಯ ಸ್ಕ್ಯಾನ್ ಮಾಡಿಸಿ, "ನಾಳೆ ಬರುವಾಗ ಇವರು ತಿನ್ನುವ ಮಾತ್ರೆ ಎಲ್ಲ ತನ್ನಿ. ಒಂದನ್ನೂ ಬಿಡ್ಬೇಡಿ," ಎಂದರು.

ಮನೆಯಲ್ಲಿ ತ್ಯಾಂಪಣ್ಣ ಮಾತ್ರೆಗಳನ್ನು ಮೇಜಿನ ಮೇಲೆ ಹರವಿ, ಅಡಿಕೆ ಹೆಕ್ಕುವ ಗತ್ತಿನಲ್ಲಿ ಆರಿಸತೊಡಗಿದ. ಬಿಪಿಯದ್ದು ಚೀಲಕ್ಕೆ. ಗ್ಯಾಸಿನದ್ದು ಚೀಲಕ್ಕೆ. ಉರಿಮೂತ್ರದ್ದು ಪಕ್ಕಕ್ಕೆ.

"ಅದನ್ನೂ ಹಾಕಿ," ಎಂದಳು ಮೋಹಿನಿ.

"ಮಂಡೆ ಉಂಟಾ ನಿನಗೆ? ತೊಂದರೆ ಇರುದು ಉಸಿರಿಗೆ, ಮಾತ್ರೆ ಮೂತ್ರದ್ದು. ಎದೆಗೂ ಅದಕ್ಕೂ ಎಂತ ಸಂಬಂಧ? ಡಾಕ್ಟ್ರ ಎದುರು ನನ್ನ ಮರ್ಯಾದೆ ತೆಗೀಬೇಡ."

ಮರುದಿನ ಡಾಕ್ಟರ್ ಸ್ಕ್ಯಾನ್ ತೋರಿಸಿದರು. "ಗಾಯ ಮಾಗಿದ ಜಾಗ ಗಟ್ಟಿಯಾಗ್ತದಲ್ಲ, ಶ್ವಾಸಕೋಶ ಅಲ್ಲಲ್ಲಿ ಹಾಗೆ ಆಗಿದೆ. ಬೇರೆ ಯಾವುದಾದ್ರೂ ಮಾತ್ರೆ ಉಂಟಾ?"

"ಇಲ್ಲ ಡಾಕ್ಟ್ರೇ. ಇದು ಅಡಿಕೆ ಧೂಳಿಂದ..."

ಮೋಹಿನಿ ಕೈ ಚಾಚಿ ಗಂಡನ ಕಿಸೆಯಿಂದ ಖಾಲಿ ಸ್ಟ್ರಿಪ್ ಎಳೆದು ಮೇಜಿನ ಮೇಲಿಟ್ಟಳು.

ಡಾಕ್ಟರ್ ಹೆಸರು ಓದಿದರು. "ಎಷ್ಟು ಸಮಯದಿಂದ?"

"ಎರಡು ವರ್ಷ. ದಿನಾ ಒಂದು," ಎಂದಳು ಮೋಹಿನಿ.

"ಮಾತ್ರೆ ಒಳ್ಳೆಯದೇ. ಆದ್ರೆ ತುಂಬ ಕಾಲ ತಿಂದ್ರೆ ಕೆಲವರ ಶ್ವಾಸಕೋಶಕ್ಕೆ ಹೀಗೆ ಪೆಟ್ಟು ಬೀಳ್ತದೆ. ನಡುವೆ ಬಂದು ತೋರಿಸಿ ಅನ್ನುದು ಅದಕ್ಕೇ. ನನಗೆ ಇದರ ಮೇಲೆಯೇ ಸಂಶಯ. ಇವತ್ತಿನಿಂದ ಇದು ಬಂದ್. ಊತ ಇದ್ದ ಕಡೆ ಇಳಿಯಬಹುದು. ಗಟ್ಟಿಯಾದದ್ದು ಇನ್ನು ಮೆತ್ತಗಾಗುದಿಲ್ಲ."

ತ್ಯಾಂಪಣ್ಣ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತ. ಮೋಹಿನಿಗೆ ಅಳು ಬರಲಿಲ್ಲ. ಥೂ, ಇಂಥವನ ಬುದ್ಧಿಯನ್ನು ನಂಬಿ ಎರಡು ವರ್ಷ ನುಂಗಿದೆನಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು. ಅವನ ಮೇಲಿನ ಹೇಸಿಗೆಯ ಮುಂದೆ ಅದು ಏನೂ ಅಲ್ಲ.

ಮನೆಗೆ ಬಂದವಳೇ ಹೇಳಿದಳು, "ಸುಲಿಯುವವರನ್ನು ಕರೀರಿ. ಕಳಿಸಿದ್ದು ನೀವು. ನೀವೇ ಹೋಗಿ."

ಹೋದ. ಮೂವರೂ ಬಂದು ಜಗಲಿಯಲ್ಲಿ ಕೂತರು. ಮೋಹಿನಿ ಡಾಕ್ಟರ್ ಹೇಳಿದಂತೆ ಮುಖಕ್ಕೆ ಮಾಸ್ಕ್ ಹಾಕಿ, ದೂರದಲ್ಲಿ ಕುರ್ಚಿ ಹಾಕಿಕೊಂಡಳು.

ಊರ್ಮಿಳಾಗೆ ಸಿಟ್ಟು ಇಳಿದಿರಲಿಲ್ಲ. "ಈಗ ಧೂಳು ಹಾರುದಿಲ್ವಾ ತ್ಯಾಂಪಣ್ಣನವರೇ?"

"ಹಾಗಲ್ಲ... ಸ್ವಲ್ಪ ಧೂಳು ಪರವಾಗಿಲ್ಲ ಅಂದ್ರು ಡಾಕ್ಟ್ರು," ಎಂದ ಈ ಮಹಾಶಯ.

ಮೋಹಿನಿಗೆ ಮೈಯೆಲ್ಲ ಉರಿಯಿತು. ಮಾಸ್ಕ್ ಕೆಳಗೆಳೆದಳು. "ಧೂಳಲ್ಲ ಊರ್ಮಿಳಾ. ಎರಡು ವರ್ಷ, ಯಾರಿಗೂ ತೋರಿಸದೆ, ಸಂತೆಯಿಂದ ಮಾತ್ರೆ ತಂದು ತಂದು ಕೊಟ್ಟದ್ದು..."

ಅಷ್ಟಕ್ಕೆ ಉಸಿರು ಮುಗಿಯಿತು. ಕುರ್ಚಿಯ ಕೈ ಹಿಡಿದು ಬಗ್ಗಿದಳು, ಇನ್ನೊಂದು ಮಾತು ಹೊರಡಲಿಲ್ಲ. ಅಡಿಕೆ ಸುಲಿಯುತ್ತಿದ್ದ ಮೂವರ ಕತ್ತಿಯೂ ನಿಂತಿತು. ಈ ಮನೆಯಲ್ಲಿ ಮಾತು ಮುಗಿಸುವುದು ಯಾರ ಕೆಲಸ ಎಂದು ಅವರಿಗೆ ಗೊತ್ತಿತ್ತು. ಎಲ್ಲರೂ ತ್ಯಾಂಪಣ್ಣನ ಮುಖ ನೋಡಿದರು.

"ನಾನು," ಎಂದ ತ್ಯಾಂಪಣ್ಣ.