ಕಂಚಿಹಟ್ಟಿಯಿಂದ ಕಿತ್ತ ಗುಂಡುಸೂಜಿ

ಮಂಗಳವಾರ ಬೆಳಗ್ಗೆ ಹನ್ನೊಂದು ಗಂಟೆಗೆ ನನ್ನನ್ನು ಕಂಚಿಹಟ್ಟಿಯ ಮೇಲೆ ಚುಚ್ಚಿದರು. ಆ ಊರಿಗೆ ಅದು ಒಂಬತ್ತನೆಯ ಸೂಜಿ.

ನಾನು ಒಂದು ಗುಂಡುಸೂಜಿ. ಉಕ್ಕಿನ ತಂತಿಯ ಸುರುಳಿಯಿಂದ ಒಂದು ಯಂತ್ರ ನನ್ನನ್ನು ಕತ್ತರಿಸಿತು, ಇನ್ನೊಂದು ತುದಿ ಮಸೆಯಿತು, ಮೂರನೆಯದು ತಲೆಗೆ ಕೆಂಪು ಪ್ಲಾಸ್ಟಿಕ್ಕಿನ ಗುಂಡು ಕೂರಿಸಿತು. ನನ್ನಂಥವು ನೂರು ಸೇರಿ ಒಂದು ಡಬ್ಬಿ. ನನ್ನ ಜೊತೆ ಹುಟ್ಟಿದ ಕೆಲವು ದರ್ಜಿಯ ಅಂಗಡಿಗೆ ಹೋದವು. ಅವು ರೇಷ್ಮೆ ನೋಡಿರಬಹುದು, ಮದುಮಗಳ ಸೆರಗು ಹಿಡಿದು ನಿಂತಿರಬಹುದು. ನಾನಿದ್ದ ಡಬ್ಬಿ ಕ್ಯಾನ್ಸರ್ ನೋಂದಣಿ ಕಚೇರಿಗೆ ಬಂತು.

ಕಚೇರಿ ಎಂದರೆ ಆಸ್ಪತ್ರೆಯ ಹಿಂಬದಿಯ ಒಂದು ಕೋಣೆ. ಒಂದು ಗೋಡೆಯ ತುಂಬ ಜಿಲ್ಲೆಯ ನಕ್ಷೆ, ಅದರ ಹಿಂದೆ ಮರದ ಹಲಗೆ. ಕೋಣೆಯ ಯಜಮಾನರು ಡಾಕ್ಟರ್ ಹುದ್ದಾರ. ಅವರು ಯಾರಿಗೂ ಔಷಧ ಕೊಡುತ್ತಿರಲಿಲ್ಲ. ಯಾವ ಊರಲ್ಲಿ, ಯಾವ ವರ್ಷ, ಎಷ್ಟು ಜನರಿಗೆ, ಯಾವ ಕ್ಯಾನ್ಸರ್ ಎಂದು ಎಣಿಸುವುದು ಅವರ ಕೆಲಸ. ಒಬ್ಬ ರೋಗಿಗೆ ಒಂದು ಸೂಜಿ. ಎದೆಯದಕ್ಕೆ ಹಳದಿ, ಗರ್ಭಕೋಶದ್ದಕ್ಕೆ ನೀಲಿ, ಬಾಯಿಯದಕ್ಕೆ ಕೆಂಪು. ನನ್ನನ್ನು ಬೆರಳಲ್ಲಿ ಹಿಡಿದು ಅವರು ಓದಿಕೊಂಡದ್ದು ಇಷ್ಟೇ: ಸಾವಂತ್ರೆವ್ವ, ನಲವತ್ತೇಳು ವರ್ಷ, ಕಂಚಿಹಟ್ಟಿ.

ಆ ಗೋಡೆಯ ಮುಂದೆ ನಿಂತವರು ಯಾರೂ ನಮ್ಮನ್ನು ಪ್ರೀತಿಯಿಂದ ನೋಡಲಿಲ್ಲ. ತಾಲೂಕಿನ ಆರೋಗ್ಯಾಧಿಕಾರಿ ಬಂದಾಗಲೆಲ್ಲ ಜಗಳ.

"ಮೂರು ವರ್ಷದ ಹಿಂದ ನನ್ನ ತಾಲೂಕಿನ್ಯಾಗ ಹತ್ತಿಪ್ಪತ್ತು ಸೂಜಿ ಇದ್ದಿದ್ದಿಲ್ಲ. ಈಗ ನೋಡ್ರಿ, ಮೈಲಿ ಬ್ಯಾನಿ ಬಂದ ಮಾರಿಗತೆ ಆಗೇತಿ. ಮ್ಯಾಲಿನವ್ರು ನನಗ ಬೈತಾರ."

"ರೋಗ ಅಷ್ಟು ಹೆಚ್ಚಾಗಿಲ್ರಿ," ಎಂದರು ಹುದ್ದಾರ. "ಹೋದ ವರ್ಷ ಬಾಯಿ ತಪಾಸಣಿ ಶಿಬಿರ ಮಾಡಿದ್ವಿ. ನೋಡಿದ್ದಕ್ಕ ಕಂಡಾವು. ಮೊದಲೂ ಇದ್ದವು, ಯಾರೂ ನೋಡಿದ್ದಿಲ್ಲ."

"ಹಂಗಾರ ನೋಡೂದ ಬ್ಯಾಡಾಗಿತ್ತು."

ಆಮೇಲೆ ಪತ್ರಿಕೆಯವನೊಬ್ಬ ಬಂದ. ಕಂಚಿಹಟ್ಟಿಯ ಜನಸಂಖ್ಯೆ ಹನ್ನೊಂದು ನೂರು, ನಾಲ್ಕು ವರ್ಷದಲ್ಲಿ ಒಂಬತ್ತು ಕೆಂಪು ಸೂಜಿ. ಇಷ್ಟು ಸಣ್ಣ ಊರಿನಲ್ಲಿ ಒಂದೆರಡು ರೋಗಿ ಹೆಚ್ಚು ಕಡಿಮೆಯಾದರೂ ಪ್ರಮಾಣ ಎಗರುತ್ತದೆ, ಬೀಳುತ್ತದೆ, ಆತುರದಲ್ಲಿ ಏನೂ ಬರೆಯಬೇಡಿ ಎಂದು ಹುದ್ದಾರ ಎರಡು ಸಲ ಹೇಳಿದರು. ಅವನು ಹನ್ನೊಂದು ನೂರು, ಒಂಬತ್ತು ಎಂಬುದನ್ನಷ್ಟೇ ಬರೆದುಕೊಂಡು ನಮ್ಮ ಫೋಟೋ ತೆಗೆದ. 'ಕಂಚಿಹಟ್ಟಿ ಕ್ಯಾನ್ಸರ್ ಗ್ರಾಮವೆ?' ಎಂದು ಪತ್ರಿಕೆ ಕೇಳಿತು. ಓದಿದವರು ಪ್ರಶ್ನಾರ್ಥಕ ಚಿಹ್ನೆ ಬಿಟ್ಟು ಓದಿದರು.

ಕೆಲವು ದಿನ ಕಳೆದ ಮೇಲೆ ಕಚೇರಿಯ ಬಾಗಿಲನ್ನು ಒಬ್ಬ ಹೆಂಗಸು ಕಾಲಿನಿಂದ ದೂಡಿಕೊಂಡು ಒಳಗೆ ಬಂದಳು. ಸಾವಂತ್ರೆವ್ವನ ತಮ್ಮ ಬಾಳಪ್ಪನ ಹೆಂಡತಿ, ತಂಗೆವ್ವ. ಬಸ್ಸಿನ ಧೂಳು ಇನ್ನೂ ಮೈಮೇಲಿತ್ತು.

"ನಮ್ಮೂರಿಗಿ ಟಾಚಣಿ ಚುಚ್ಚಿದಾಂವ ಯಾರು?"

"ನಾನ. ಕೂಡ್ರಿ."

"ಕೂಡ್ರಾಕ ಬಂದಿಲ್ಲ. ನಿನ್ನಿಂದ ನನ್ನ ಮಗಳ ನಿಶ್ಚಿತಾರ್ಥ ಮುರದೈತಿ. ಹುಡಗನ ತಾಯಿ, ಅಂಕಣಗಿ ಊರ ಕಾಶವ್ವ, ಎರಡ ವರ್ಷ ನಮ್ಮ ಹೊಸ್ತಿಲಾ ಸವಿಸಿದಾಕಿ, ಪೇಪರ ಹಿಡಕೊಂಡ ಬಂದು ನಿಮ್ಮೂರ ನೀರ ಕುಡದ ಹೆಣ್ಣ ನಮಗ ಬ್ಯಾಡ ಅಂದ್ಲು. ಡೇರಿಯಾಂವ ನಮ್ಮೂರ ಕ್ಯಾನ್ ದೂರ ಇಡ್ತಾನ. ಬಸ್ಸಿನ್ಯಾಗ ಊರ ಹೆಸರ ಹೇಳಿದ್ರ ಮಗ್ಗಲದಾಕಿ ಎದ್ದ ನಿಂದರ್ತಾಳ."

"ಅದು ಅಂಟೂ ಬ್ಯಾನಿ ಅಲ್ಲವಾ."

"ನನಗ್ಯಾಕ ಹೇಳ್ತಿ? ಕಾಶವ್ವಗ ಹೋಗಿ ಹೇಳು. ಇದರಾಗ ನಮ್ಮ ಸಾವಂತ್ರೆಕ್ಕಂದು ಯಾವ್ದು?"

"ಹೆಸರ ಹೇಳೂ ಪದ್ಧತಿ ಇಲ್ಲ."

"ಹೊಳಿಯೂದು ಇದ. ಇದ ಇರ್ಬೇಕು."

ಒಂಬತ್ತರಲ್ಲಿ ಹೊಸದು ನಾನೇ. ಆಕೆ ನನ್ನ ತಲೆಗೆ ಉಗುರು ಹಾಕಿ ಎಳೆದಳು. ಹಲಗೆ ಬಿಡಲಿಲ್ಲ. ಅತ್ತ ತಿರುವಿ ಇತ್ತ ತಿರುವಿ ಕಿತ್ತಾಗ ನನ್ನ ಬೆನ್ನು ಬಾಗಿಹೋಯಿತು.

"ಅದನ್ನ ಕಿತ್ತರ ರೋಗ ಹೋಗ್ತೈತೇನವಾ?" ಹುದ್ದಾರ ಎದ್ದು ನಿಂತಿದ್ದರು.

"ನೀ ಚುಚ್ಚಿದ್ರ ಬರ್ತೈತಿ ಅಂದಮ್ಯಾಲ ನಾ ಕಿತ್ತರ ಹೋಗ್ತೈತಿ!"

ನನ್ನನ್ನು ಸೆರಗಿಗೆ ಚುಚ್ಚಿಕೊಂಡು ಆಕೆ ಹೊರಬಿದ್ದಳು. ನಾನು ಮೊದಲ ಸಲ ಬಟ್ಟೆ ಕಂಡದ್ದು ಹಾಗೆ. ರೇಷ್ಮೆಯಲ್ಲ, ಸಗಣಿ ವಾಸನೆಯ ಇಳಕಲ್ ಸೀರೆ.

ಕಂಚಿಹಟ್ಟಿಯ ಆ ಮನೆಯ ಹಿಂದಿನ ಕೋಣೆಯಲ್ಲಿ, ಎಮ್ಮೆಗಳ ಉಸಿರು ಕೇಳುವಷ್ಟು ಹತ್ತಿರ, ಒಂದು ಹೊರಸು. ಅದರ ಮೇಲೆ ದವಡೆಗೆ ಬಿಳಿ ಬಟ್ಟೆ ಕಟ್ಟಿಕೊಂಡ ಹೆಂಗಸು. ನಾನು ಯಾರ ಬದಲು ಗೋಡೆಯ ಮೇಲೆ ನಿಂತಿದ್ದೆನೋ ಆಕೆಯನ್ನು ಅಂದು ನೋಡಿದೆ. ನನ್ನ ತಲೆ ಆಕೆಯ ಹಣೆಯ ಕುಂಕುಮಕ್ಕಿಂತ ಸಣ್ಣದು.

ತಂಗೆವ್ವ ನನ್ನನ್ನು ಕಿತ್ತು ಆಕೆಯ ಕಣ್ಣ ಮುಂದೆ ಹಿಡಿದಳು.

"ನೋಡಯಕ್ಕಾ, ಇದ ನೀನು. ನಿನ್ನ ಸಲುವಾಗಿ ಊರ ಎದಿಗಿ ಇದನ್ನ ಹೊಡದಾರ. ನನ್ನ ಮಗಳು ಒಳಗ ಕುಂತ ಅಳಾಕ ಹತ್ಯಾಳ. ಬ್ಯಾನಿ ಬಂದ ಕೂಡ್ಲೆ ತವರ ನೆನಪಾತೇನು? ಗಂಡನ ಮನ್ಯಾಗ ಜಾಗ ಇದ್ದಿದ್ದಿಲ್ಲೇನು?"

ಸಾವಂತ್ರೆವ್ವ ಗೋಡೆಯ ಕಡೆ ಹೊರಳಲಿಲ್ಲ, ಅಳಲೂ ಇಲ್ಲ. ಮಾತು ಹೊರಡಿಸಲು ಆಕೆ ದವಡೆಯನ್ನು ಕೈಯಿಂದ ಹಿಡಿದುಕೊಳ್ಳಬೇಕಿತ್ತು.

"ಜಾಗ ಇತ್ತು. ಗಂಜಿ ಕಾಸಾವ್ರು ಇದ್ದಿದ್ದಿಲ್ಲ. ವಖಾರಿಗಿ ಹೋಗೂದ ಬಿಟ್ಟ ಹೆಣ್ಣಿಗಿ ಅಲ್ಲಿ ಯಾರ ಕೇಳ್ತಾರ?" ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. "ಇಪ್ಪತ್ತೆಂಟ ವರ್ಷ ಅಂಕಣಗ್ಯಾಗ ಬಾಳೇವು ಮಾಡೀನಿ. ಇಲ್ಲಿಗಿ ಬಂದ ಮೂರ ತಿಂಗಳಾತು. ಆ ಟಾಚಣಿ ಅಲ್ಲಿ ಹೊಡೀರಿ ಅಂತ ಹೇಳು."

"ಏನಂದಿ?"

"ನನ್ನೊಬ್ಬಾಕಿದ ಅಲ್ಲ. ಹಣಮವ್ವ, ಆಕಿ ತಂಗಿ, ಕುಂಬಾರ ನೀಲವ್ವ. ಎಲ್ಲಾರನೂ ಅಲ್ಲಿಂದನ ಗಾಡಿ ಮ್ಯಾಲ ಹಾಕ್ಕೊಂಡ ಬಂದ್ರಿ, ಮರತೇನು?"

ಅಂಕಣಗಿ ತಂಬಾಕಿನ ಪೇಟೆ. ತಂಬಾಕು ಹಸನು ಮಾಡುವ ದೊಡ್ಡ ದೊಡ್ಡ ವಖಾರಿಗಳು ಅಲ್ಲಿವೆ. ಕೈಗೆ ವರ್ಷವಿಡೀ ಕೆಲಸ ಸಿಗುತ್ತದೆಂದು ಕಂಚಿಹಟ್ಟಿಯವರು ಹೆಣ್ಣುಮಕ್ಕಳನ್ನು ಅಜ್ಜಿಯರ ಕಾಲದಿಂದ ಅಲ್ಲಿಗೇ ಕೊಡುತ್ತ ಬಂದವರು. ಹಾಸಿಗೆ ಹಿಡಿದವಳನ್ನು ತವರಿನವರು ಹೋಗಿ ಕರೆತರುವುದು ಆ ಭಾಗದ ರೂಢಿ. ಆಸ್ಪತ್ರೆಗೆ ಅಣ್ಣನೋ ತಮ್ಮನೋ ಕರೆದೊಯ್ಯುತ್ತಾನೆ. ವಿಳಾಸ ಕೇಳಿದರೆ ತನ್ನದನ್ನೇ ಕೊಡುತ್ತಾನೆ. ಹೊರಸಿನ ಮೇಲಿದ್ದವಳನ್ನು ಯಾರೂ ಕೇಳುವುದಿಲ್ಲ.

ತಂಗೆವ್ವನ ಮುಖ ನೋಡಿದೆ. ಅದರಲ್ಲಿ ಮರುಕ ಇರಲಿಲ್ಲ. ಜಗಳಕ್ಕೆ ಕಲ್ಲು ಸಿಕ್ಕಿದವಳ ಮುಖ ಅದು.

ಮರುದಿನ ಫೋನಿನಲ್ಲಿ ಆಕೆ ಹುದ್ದಾರರಿಗೆ ಹೇಳಿದ ಮಾತನ್ನು ಓಣಿಯವರೆಲ್ಲ ಕೇಳಿದರು. ಹುದ್ದಾರ ಆ ಕಡೆಯಿಂದ ಸಿಟ್ಟಾದರು. ಒಂದು ವರ್ಷಕ್ಕಿಂತ ಹೆಚ್ಚು ವಾಸವಿದ್ದ ಊರನ್ನೇ ಬರೆಯಬೇಕೆಂಬ ನಿಯಮವಿದೆ, ನಮ್ಮವರು ಹಾಗೆಯೇ ಬರೆದಿದ್ದಾರೆ ಎಂದರು. "ಹಂಗಾರ ಬಂದ ಕೇಳ ಹೋಗು," ಎಂದು ತಂಗೆವ್ವ ಫೋನಿಟ್ಟಳು.

ಹುದ್ದಾರ ಬಂದರು. ಅದನ್ನು ಅವರ ಪರವಾಗಿ ಹೇಳಲೇಬೇಕು. ಕಂಚಿಹಟ್ಟಿ ಅವರನ್ನು ಬರಮಾಡಿಕೊಳ್ಳಲಿಲ್ಲ. ಒಂದು ಮನೆಯವರು ಅವರ ಮುಖದ ಮುಂದೆಯೇ ಬಾಗಿಲು ಹಾಕಿದರು. ಇನ್ನೊಂದು ಮನೆಯ ಮುದುಕಿ ಮುಸುರೆ ನೀರನ್ನು ಅವರ ಬೂಟಿನ ಹತ್ತಿರಕ್ಕೆ ಸರಿಯಾಗಿ ಚೆಲ್ಲಿದಳು. "ಯಾರ ಸಾಯ್ತಾರ ಅಂತ ಎಣಸಾಕ ಬಂದಿಯೇನಪಾ? ನನ್ನೂ ಬರ್ಕೊ," ಎಂದಳು. ಅವರು ಬೂಟು ಒರೆಸಿಕೊಂಡು ಮುಂದಿನ ಮನೆಗೆ ಹೋದರು. ಒಂಬತ್ತು ಸೂಜಿಗಳ ಮನೆಗೂ ಹೋದರು. ಆಮೇಲೆ ಒಂದು ತಿಂಗಳು ಅಂಕಣಗಿಯ ಸುತ್ತಲಿನ ಉಳಿದ ಊರುಗಳಲ್ಲೂ ತಿರುಗಿದರು.

ಎರಡನೆಯ ಸಲ ಬಂದಾಗ ತಂಗೆವ್ವ ಜಗಲಿಯ ಮೇಲೆ ಕಂಬಳಿ ಹಾಸಿದಳು. ಆದರೆ ಚಹಾ ಕೊಡಲಿಲ್ಲ.

"ಒಂಬತ್ತರಾಗ ಏಳು ಅಂಕಣಗಿವು," ಎಂದರು ಹುದ್ದಾರ. "ಎರಡ ಮಾತ್ರ ನಿಮ್ಮೂರವು. ತಪ್ಪು ನಮ್ಮದು. ಕರಕೊಂಡ ಬಂದಾವ್ರನ್ನ ಕೇಳಿದ್ವಿ, ಬ್ಯಾನಿ ಬಂದಾಕಿನ್ನ ಕೇಳಲಿಲ್ಲ."

ತಂಗೆವ್ವ ನನ್ನನ್ನು ಸೆರಗಿನಿಂದ ತೆಗೆದು ಮುಂದೆ ಹಿಡಿದಳು. "ತಗೋರಿ ನಿಮ್ಮ ಟಾಚಣಿ."

ಅವರು ನನ್ನನ್ನು ಬೆಳಕಿಗೆ ಹಿಡಿದು ನೋಡಿದರು. "ಡೊಂಕ ಆಗೇತಿ. ಹಲಗ್ಯಾಗ ಇಳಿಯೂದಿಲ್ಲ. ಅಂಕಣಗಿಗಿ ಹೊಸಾದು ಹೊಡದೀನಿ."

ಹೀಗೆ ನನ್ನ ಸರ್ಕಾರಿ ಚಾಕರಿ ಮುಗಿಯಿತು.

"ನಮ್ಮೂರ ಚಲೋ ಐತಿ ಅಂತ ಬರದ ಕೊಡ್ರಿ," ಎಂದಳು ತಂಗೆವ್ವ.

"ಹಂಗ ಬರ್ಯಾಕ ಬರೂದಿಲ್ಲ. ಇಷ್ಟ ಸಣ್ಣ ಊರಾಗ ಎರಡ ಕೇಸಿನ ಮ್ಯಾಲ ಚಲೋ ಅಂತನೂ ಹೇಳಾಕ ಆಗೂದಿಲ್ಲ, ಕೆಟ್ಟ ಅಂತನೂ ಆಗೂದಿಲ್ಲ. ತಪ್ಪ ಆಗಿತ್ತು ಅಂತ ಪೇಪರಿಗಿ ಬರದ ಕಳಿಸ್ತೀನಿ."

"ಅಂಕಣಗಿಗಿ?"

"ಅದಕ್ಕ ಹೇಳಾಕ ಬರ್ತೈತಿ. ದೊಡ್ಡ ಊರು. ಸುತ್ತಲಿನ ಊರಾಗಿನ ತಪ್ಪೂ ತಿದ್ದಿದ ಮ್ಯಾಲ ಇಪ್ಪತ್ತೊಂದ ಸೂಜಿ ಇದ್ದಲ್ಲಿ ಈಗ ಐವತ್ತ ದಾಟ್ಯಾವು. ಅರ್ಧಕ್ಕಿಂತ ಹೆಚ್ಚು ವಖಾರಿ ಹೆಣಮಕ್ಕಳು. ತಂಬಾಕ ಹುರದು ಪುಡಿ ಮಾಡಿ ಮಿಶ್ರಿ ಅಂತ ಹಲ್ಲಿಗಿ ತಿಕ್ಕತಾರಲ್ಲ, ಮುಂಜಾನಿಂದ ಸಂಜಿ ತನಕ, ಅದು." ಅವರು ಎದ್ದು ಬೂಟು ಹಾಕಿಕೊಂಡರು. ಅವರಿಗೆ ಆ ಮುಸುರೆ ನೀರು ಇನ್ನೂ ಮರೆತಿರಲಿಲ್ಲವೆಂದು ಕಾಣುತ್ತದೆ. "ಮಗಳ್ನ ಯಾವೂರಿಗಿ ಕೊಡೂದೈತಿ ಅಂದ್ರಿ?"

ತಂಗೆವ್ವ ಅವರ ಕೈಯಿಂದ ನನ್ನನ್ನು ಕಸಿದುಕೊಂಡಳು. ಮತ್ತೆ ಸೆರಗಿಗೆ ಚುಚ್ಚಿಕೊಂಡಳು.

ಪತ್ರಿಕೆಯಲ್ಲಿ ತಿದ್ದುಪಡಿ ಬಂತು. ಆರನೆಯ ಪುಟದಲ್ಲಿ, ನಾಲ್ಕು ಸಾಲು. ಬಾಳಪ್ಪ ಅದನ್ನು ಕತ್ತರಿಸಿಕೊಂಡು ಅಂಕಣಗಿಗೆ ಓಡಿದ. ಮುಂದಿನ ಸೋಮವಾರವೇ ಕಾಶವ್ವ ಎಲೆ ಅಡಿಕೆ, ಸಕ್ಕರೆ, ಹಸಿರು ಸೀರೆ ಹಿಡಿದು ಬಂದಳು. ಬಾಳಪ್ಪ ಇದ್ದ ಚಾಪೆಯನ್ನೆಲ್ಲ ಹಾಸಿದ. ಮಗಳು ಮಹಾನಂದಾ ಮಡಿಕೆ ಬಿಚ್ಚಿದ ಸೀರೆ ಉಟ್ಟು ಬಂದು ಕೂತಳು. ನಾನು ತಂಗೆವ್ವನ ಭುಜದ ಮೇಲಿಂದ ನೋಡುತ್ತಿದ್ದೆ.

"ಪೇಪರನವ್ರದ್ದು ಏನಿಲ್ಲ ಬಿಡವಾ, ಬಾಯಿಗಿ ಬಂದಂಗ ಬರಿತಾರ," ಎಂದು ಕಾಶವ್ವ ನಕ್ಕಳು. ಹಲ್ಲು ಕಪ್ಪಾಗಿದ್ದವು. ಸೊಂಟದ ಚೀಲದಿಂದ ಸಣ್ಣ ಡಬ್ಬಿ ತೆಗೆದು, ಚಿಟಿಕೆ ಕರಿಪುಡಿಯನ್ನು ಒಸಡಿಗೆ ತಿಕ್ಕಿಕೊಂಡಳು. "ಬಾರವಾ ಸೊಸಿ, ಹತ್ತರ ಬಾ. ಮದವಿ ಆದ ಮರುವಾರನ ನನ್ನ ಜೋಡಿ ವಖಾರಿಗಿ ಬರಾಕಿ. ಮೊದಲ ಎರಡ ದಿನ ತಂಬಾಕಿನ ಘಾಟಿಗಿ ತಲಿ ತಿರಗತೈತಿ. ಈ ಮಿಶ್ರಿ ತಿಕ್ಕೂದ ಕಲಿಸಿ ಬಿಟ್ನೆಂದ್ರ ಮುಗೀತು. ಹಸಿವೂ ಇಲ್ಲ, ದಣಿವೂ ಇಲ್ಲ."

ಹಿಂದಿನ ಕೋಣೆಯಿಂದ ಹೊರಸು ಕಿರುಗುಟ್ಟಿತು. ಸಾವಂತ್ರೆವ್ವ ಎದ್ದು ಕೂತಿರಬೇಕು. ದವಡೆ ಹಿಡಿದುಕೊಂಡು ಏನೋ ಹೇಳಿದಳು, ಯಾರಿಗೂ ತಿಳಿಯಲಿಲ್ಲ. ಆ ದನಿ ಮಾತ್ರ ಎಲ್ಲರಿಗೂ ಕೇಳಿಸಿತು.

"ಯಾರದು?" ಎಂದಳು ಕಾಶವ್ವ.

"ನಿಮ್ಮೂರಾಕಿ," ಎಂದಳು ತಂಗೆವ್ವ. ಸಕ್ಕರೆಯ ತಟ್ಟೆಯನ್ನು ಎರಡೂ ಕೈಯಿಂದ ಹಿಂದಕ್ಕೆ ದೂಡಿದಳು. "ನಿಮ್ಮ ಸೀರಿ ಎತ್ಕೋರಿ. ನಾ ಹೆಣ್ಣ ಕೊಡಾಂಗಿಲ್ಲ."

"ಏನ ಮಾತ ಇದು? ನಾವಾಗಿ ಹೊಳ್ಳಿ ಬಂದೀವಿ!"

"ನಮ್ಮೂರ ನೀರ ನಿಮಗ ಬ್ಯಾಡಾಗಿತ್ತು. ನಿಮ್ಮೂರ ಪುಡಿ ನಮಗ ಬ್ಯಾಡ. ಏಳ್ರಿ."

ಕಾಶವ್ವ ಬಾಗಿಲಲ್ಲಿ ನಿಂತು ಮನೆತನದ ಮೂರು ತಲೆಮಾರನ್ನು ಬೈದು ಹೋದಳು. ಬಾಳಪ್ಪ ಪತ್ರಿಕೆಯ ಚೂರನ್ನು ಹೆಂಡತಿಯ ಮುಖಕ್ಕೆ ಎಸೆದ. "ಊರಿಗೆಲ್ಲಾ ಓಡ್ಯಾಡಿ ಟಾಚಣಿ ಕೀಳಿಸಿದ್ದು ಇದಕ್ಕೇನ?" ಎಂದ. ಮಹಾನಂದಾ ತಾಯಿಯ ಜೊತೆ ಹಬ್ಬದವರೆಗೆ ಮಾತಾಡಲಿಲ್ಲ. ಆ ಮನೆಯಲ್ಲಿ ತಂಗೆವ್ವನ ಕಡೆ ಇದ್ದವಳು ಹೊರಸಿನ ಮೇಲಿನವಳೊಬ್ಬಳೇ. ಅವರಿಬ್ಬರೂ ಆ ವಿಷಯ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಆದರೆ ಅಂದಿನಿಂದ ಗಂಜಿಯ ಬಟ್ಟಲನ್ನು ತಂಗೆವ್ವ ನೆಲದ ಮೇಲೆ ಇಟ್ಟು ಹೋಗುತ್ತಿರಲಿಲ್ಲ, ಕೂತು ಕುಡಿಸುತ್ತಿದ್ದಳು.

ಶ್ರಾವಣದಲ್ಲಿ ಸಾವಂತ್ರೆವ್ವ ತೀರಿಕೊಂಡಳು. ಮಣ್ಣು ಗಂಡನ ಊರಿನಲ್ಲೇ ಆಗಬೇಕೆಂದು ಅಂಕಣಗಿಯವರು ಟೆಂಪೋ ತಂದು ಒಯ್ದರು.

ನಾನೀಗ ತಂಗೆವ್ವನ ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿದ್ದೇನೆ. ನನಗೆ ಒಂದು ಕ್ಯಾಲೆಂಡರ್ ನೇತುಹಾಕಿದ್ದರು, ಅದೂ ಹರಿದುಹೋಯಿತು. ಸುಣ್ಣ ಬಳಿಯುವಾಗ ನನ್ನ ತಲೆಗೂ ಬಳಿದರು, ಈಗ ಕೆಂಪು ಕಾಣುವುದಿಲ್ಲ. ಕಚೇರಿಯ ಗೋಡೆಯಿಂದ ನಕ್ಷೆ ತೆಗೆದು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದ್ದಾರಂತೆ, ಈಗ ರೋಗಿಯನ್ನೇ ಊರು ಕೇಳುತ್ತಾರಂತೆ. ನಾನು ನಿಂತದ್ದು ತಪ್ಪು ಜಾಗದಲ್ಲಿ. ಆದರೆ ಅಲ್ಲಿಂದ ಕೀಳಲು ಒಬ್ಬಳು ಬಂದಳೆಂದೇ ಸರಿಯಾದ ಜಾಗ ಯಾವುದೆಂದು ಹುಡುಕುವಂತಾಯಿತು. ಸೂಜಿಯ ಬದುಕಿಗೆ ಅಷ್ಟು ಸಾಕು.

ಮಹಾನಂದಾಳನ್ನು ಮರುವರ್ಷ ಹೊಳೆಯಾಚೆಯ ಜೋಳದ ಸೀಮೆಗೆ ಕೊಟ್ಟರು. ಕಾಶವ್ವನ ಮಗನಿಗೆ ಅದಕ್ಕೂ ಮೊದಲೇ ಬೇರೆ ಊರಿನ ಹೆಣ್ಣು ಸಿಕ್ಕಿತ್ತು. ಮದುವೆಯಾದ ಮರುವಾರ ಆ ಹುಡುಗಿ ವಖಾರಿಗೆ ಹೋದಳು.