ಒಂದು ಬಾಂಡ್ಲಿ ಸಿಮೆಂಟು

ಬೆಚ್ಚಗಿದೆ ಕಲ್ಲು, ಈಗಷ್ಟೇ ಒಲೆಯಿಂದ ತೆಗೆದ ಬ್ರೆಡ್ಡಿನ ಹಾಗೆ, ಸೆಪ್ಟೆಂಬರ್ ಬಿಸಿಲಿಗೆ ಕೋಟೆಗೋಡೆ ಹೀಗೆಯೇ, ಆದರೆ ಮೂರನೇ ಬುರುಜಿಗೆ ಇನ್ನು ಮೂವತ್ತೇ ಹೆಜ್ಜೆ, ಲೂಸಿಯಾಂನ ಕಾಲು ಮುಂದಕ್ಕೆ ಬರುತ್ತಿಲ್ಲ — ಬಾರೋ ಮಾರಾಯ, ಇದನ್ನ ಕಟ್ಟಿದೋರೂ ಇಷ್ಟು ಹೊತ್ತು ತಗೊಂಡಿರಲಿಲ್ಲ, ಕೂಗುತ್ತಾಳೆ ಹೆಂಡತಿ ಸೋಲಾಂಜ್, ಅವಳಿಗೇನು ಗೊತ್ತು, ಅಕ್ಕ ಈ ಊರಿಗೆ ಮನೆ ಬದಲಿಸಿದಾಗಿನಿಂದ ಇಲ್ಲಿಗೆ ಬಾರದಿರಲು ನೆಪ ಹೇಳಿಕೊಂಡೇ ಬಂದ, ಇವತ್ತು ಕೋಟೆಯನ್ನು ಎಲ್ಲರಿಗೂ ತೆರೆದಿಡುವ ದಿನ, ನೆಪ ಮುಗಿದವು. ಹತ್ತೊಂಬತ್ತು ವರ್ಷವಾಯಿತು. ಆ ಬುರುಜಿನ ಪಕ್ಕದ ಕಲ್ಲುಗಳ ಸಂದುಗಳನ್ನು ತುಂಬಿದ್ದು ಅವನೇ, ಸುಣ್ಣದ ಗಾರೆಯಲ್ಲೇ ತುಂಬಬೇಕು, ಸುಣ್ಣ ಉಸಿರಾಡುತ್ತೆ ಕಣೋ ಮರಿ, ಸಿಮೆಂಟು ನೀರನ್ನ ಒಳಗೇ ಕೂಡಿಹಾಕುತ್ತೆ, ಚಳಿಗೆ ಆ ನೀರು ಹೆಪ್ಪುಗಟ್ಟಿ ಕಲ್ಲನ್ನೇ ಸೀಳುತ್ತೆ, ಮೇಸ್ತ್ರಿ ಬಾಝಿಲ್ ದಿನಾ ಹೇಳುತ್ತಿದ್ದ, ಆದರೂ ಆ ಸಂಜೆ ಹಿಮ ಬೀಳುವ ಸೂಚನೆ, ಸುಣ್ಣ ಬಿಗಿಯದಿದ್ದರೆ ಎಂಬ ದಿಗಿಲು, ಲೂಸಿಯಾಂ ಗಾರೆಗೆ ಒಂದು ಬಾಂಡ್ಲಿ ಸಿಮೆಂಟು ಸುರಿದು ಕಲೆಸಿಬಿಟ್ಟ, ಮರುದಿನ ಬೇರೆ ಊರಿನ ಕೆಲಸಕ್ಕೆ ಹೊರಟುಹೋದ — ಗೋಡೆಯ ಕೆಳಗೇ ಶಾಲೆಯ ದಾರಿ, ಒಂದು ಕಲ್ಲು ಸಿಡಿದು ಬಿದ್ದರೆ, ಪ್ರತಿ ಚಳಿಗಾಲ ಅದೇ, ಹೊಸವರ್ಷಕ್ಕೆ ಬಾಝಿಲ್‌ನ ಕಾರ್ಡು ಬೇರೆ, ಅವನು ಸಾಯುವವರೆಗೂ ಒಂದೇ ಸಾಲು, ಸುಣ್ಣ ಉಸಿರಾಡ್ತಿದೆಯಾ ಮರಿ, ಚುಚ್ಚುತ್ತಿದ್ದಾನೆ ಅಂದುಕೊಂಡಿದ್ದ. ಬಂದೇಬಿಟ್ಟಿತು ಬುರುಜು, ಮೊಣಕಾಲೂರುತ್ತಾನೆ, ಕಲ್ಲು ಬಿರಿದಿಲ್ಲ, ಉಬ್ಬಿಲ್ಲ, ಸಂದಿನಲ್ಲಿ ಸಿಮೆಂಟಿನ ಬೂದುಬಣ್ಣ ಎಲ್ಲಿ, ಕೆನೆಯ ಬಣ್ಣ ಇದು, ಬೀಗದ ಕೈಯಿಂದ ಕೆರೆದರೆ ಬಿಳಿ ಪುಡಿ, ಸುಣ್ಣ, ಬರೀ ಸುಣ್ಣ, ಈ ಸಾಲು, ಮೇಲಿನ ಸಾಲು, ಅಷ್ಟೂ ಸುಣ್ಣ, ಹಾಗಾದರೆ ಯಾರೋ ಒಂದೊಂದೇ ಸಂದನ್ನು ಉಳಿಯಿಂದ ಬಿಡಿಸಿ — ಎದೆಯೊಳಗೆ ಏನೋ ಸಡಿಲವಾಗುತ್ತಿದೆ, ಗಾಳಿ ಇಷ್ಟು ಸಲೀಸಾಗಿ ಒಳಗೆ ಹೋಗುತ್ತದೆಯೇ — ಅಲ್ಲೇನು ಮೂಸ್ತಿದೀಯ, ಜನ ದಾರಿ ಕೇಳ್ತಿದಾರೆ, ಹೋಗಲಿ ಸೋಲಾಂಜ್, ಬಳಸಿಕೊಂಡು ಹೋಗಲಿ, ಇಲ್ಲೊಂದು ಗುಳಿ, ಗಾರೆ ಬಿಗಿಯಿತೇ ಎಂದು ಹೆಬ್ಬೆರಳು ಒತ್ತಿ ನೋಡಿದ್ದು, ಆಮೇಲೆ ಕುಂಚ ಆಡಿಸಿ ಅಳಿಸಬೇಕು, ಇದನ್ನು ಅಳಿಸಿಲ್ಲ, ಅಗಲ, ಮೊಂಡು, ಉಗುರಿಲ್ಲದೆ ಗೆಣ್ಣಿಗೇ ಮುಗಿದದ್ದು, ಮೂಲೆಗಲ್ಲಿನಡಿ ಸಿಕ್ಕಿ ತುದಿ ಕಳೆದುಕೊಂಡ ಹೆಬ್ಬೆರಳು ಈ ಸೀಮೆಯಲ್ಲಿ ಒಬ್ಬನಿಗೇ, ಬಾಝಿಲ್‌ಗೆ, ಗೊತ್ತಿತ್ತು ಅವನಿಗೆ, ತಾನೇ ಬಿಡಿಸಿದ, ತಾನೇ ತುಂಬಿದ, ಯಾರಿಗೂ ಒಂದು ಮಾತು ಹೇಳಲಿಲ್ಲ — ತನ್ನ ಬೆರಳಿಟ್ಟು ನೋಡುತ್ತಾನೆ, ಕೂರುತ್ತಿಲ್ಲ, ತುದಿ ಹೊರಗುಳಿಯುತ್ತದೆ, ಮಡಿಸಿ ಒತ್ತುತ್ತಾನೆ, ಮೊಂಡು ಹೆಬ್ಬೆರಳು, ಬಿಳಿ ಗಾರೆಯಲ್ಲಿ ಒಂದು ಮೊಂಡು ಹೆಬ್ಬೆರಳು