ಗೇಟಿನಾಚೆ ಉಳಿದ ಮೇಡಂ

ಪಕ್ಕದ ಫಾರಮ್ಮಿಗೆ ಆಫ್ರಿಕನ್ ಹಂದಿಜ್ವರ ಬಂದಾಗಿನಿಂದ ನಮ್ಮ ಹಂದಿ ಫಾರಮ್ಮಿನ ಗೇಟಿನಲ್ಲಿ ನನ್ನದೇ ದರ್ಬಾರು. ಸಾಸೇಜಿನ ಚೂರಿನಲ್ಲೂ ವೈರಸ್ ಬದುಕಿರುತ್ತದೆ, ಹಂದಿಮಾಂಸ ತಂದವರಿಗೆ ಆ ದಿನವಿಡೀ ಪ್ರವೇಶವಿಲ್ಲ ಎಂದು ಎಲ್ಲರ ತಲೆ ತಿಂದಿದ್ದೆ.

ಇವತ್ತು ನನ್ನ ಮುದ್ದಿನ ಹಂದಿಗೆ ಚೊಚ್ಚಲ ಹೆರಿಗೆ. ನಾನಿಲ್ಲದಿದ್ದರೆ ಅದು ಮರಿಗಳ ಮೇಲೆಯೇ ಹೊರಳಿ ಸಾಯಿಸೀತೆಂದು ಹೆದರಿ ಓಡೋಡಿ ಬಂದೆ.

ವಾಚ್‌ಮನ್ ನನ್ನ ಊಟದ ಡಬ್ಬಿ ತೆರೆದ. "ಮೇಡಂ, ಸಾಸೇಜು!"

ನಿದ್ದೆಗಣ್ಣಿನಲ್ಲಿ ಮಗಳ ಡಬ್ಬಿ ತಂದಿದ್ದೆ.

"ಇದೊಂದ್ಸಲ ಬಿಡಣ್ಣಾ."

"'ನಮ್ಮಪ್ಪ ಬಂದ್ರೂ ಬಿಡ್ಬೇಡ' ಅಂದೋರು ನೀವೇ ಅಲ್ವಾ?"

ಗೇಟಿನಾಚೆ ನಿಂತು ಫೋನಿನಲ್ಲೇ ಅಪ್ಪಣೆ ಕೊಡತೊಡಗಿದೆ. ಒಳಗಿನವರು ಫೋನ್ ಇಟ್ಟುಬಿಟ್ಟರು. ಮಧ್ಯಾಹ್ನ ಸುದ್ದಿ ಬಂತು: ಮರಿಗಳೆಲ್ಲ ಕ್ಷೇಮ. ಕೂಗಾಡುವವರಿಲ್ಲದ್ದರಿಂದ ತಾಯಿ ಅಲುಗದೆ ಮಲಗಿತ್ತಂತೆ.